ಪರಿಶೀಲನೆಯಲ್ಲಿರುವ ಪತ್ರೊಡೆ: ಹಳೇ ಮೈಸೂರಿನ ಸಭಾಸದರಿಗೊಂದು ದೂರು

ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸಮಸ್ತ ಸದಸ್ಯರಿಗೆ,
ಸುಮಾರು ನೂರು ವರ್ಷಗಳ ಹಿಂದೆ,
ಈಗಿನ ವಿಳಾಸ ತಿಳಿಯದು.

ಮಾನ್ಯರೇ,

ಜರಿಪೇಟ, ಕರಿಕೋಟು ಮತ್ತು ಅವಕ್ಕೆ ತಕ್ಕ ಮೀಸೆಗಳಿಂದ ಶೋಭಿತರಾದ ತಮಗೆ ಸಿಂಗಾಪುರದ ಆಂಗ್ ಮೋ ಕಿಯೋದ ಎಂಟನೇ ಮಹಡಿಯಿಂದ ಕೂಸಪ್ಪ ಎಂಬವನು ತನ್ನ ಸೊಂಟ ಎಷ್ಟು ಬಿಡುತ್ತದೋ ಅಷ್ಟು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಪದ್ಧತಿ, ಆದರೆ ತಾವೆಲ್ಲ ತೀರಿಕೊಂಡು ಬಹಳ ಕಾಲವಾಗಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಾಕಿ ಬುಕಿತ್‌ನ ಗೋದಾಮೊಂದರಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದವನು, ಪೆಟ್ಟಿಗೆ ಬಂದರೆ ಇಳಿಸು, ಹೋಗುವುದಿದ್ದರೆ ಹತ್ತಿಸು ಎಂಬಷ್ಟೇ ಕಾನೂನು ತಿಳಿದವನು. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಬೇಕು, ಕ್ಷಮಿಸದಿದ್ದರೂ ನನಗೇನೂ ನಷ್ಟವಿಲ್ಲ.

ತಮ್ಮ ಹೆಸರು ನನ್ನ ಕಿವಿಗೆ ಬಿದ್ದದ್ದು ಈ 2016ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ನಮ್ಮ ಎರಡು ಬ್ಲಾಕಿನ ಹದಿನಾಲ್ಕು ಕನ್ನಡದ ಮನೆಗಳು ಸುಖವಾಗಿದ್ದವು. ದಸರಾ ಬಂತೆಂದರೆ ವಾಯ್ಡ್ ಡೆಕ್, ಅಂದರೆ ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದೆ ಬಿಟ್ಟಿರುವ ಜಾಗ, ಅದನ್ನು ಒಂದು ಭಾನುವಾರಕ್ಕೆ ಬುಕ್ ಮಾಡುವುದು, ಮಕ್ಕಳ ಹಾಡು, ಡ್ಯಾನ್ಸು, ಆಮೇಲೆ ಊಟ. ಯಾರು ಏನು ತರಬೇಕೆಂಬುದನ್ನು ಲಿಫ್ಟಿನ ಬಾಗಿಲಲ್ಲಿ ನಿಂತು ಹತ್ತು ನಿಮಿಷ ಕಿರುಚಾಡಿ ತೀರ್ಮಾನ ಮಾಡುತ್ತಿದ್ದೆವು. ಕಿರುಚಿದ್ದು ಜಾಸ್ತಿ ನಾನೇ ಎಂದು ಹೇಳುವವರಿದ್ದಾರೆ, ಹೇಳಲಿ.

ಅಷ್ಟರಲ್ಲಿ ನಾಲ್ಕನೇ ಮಹಡಿಯ ಗೋಪಿನಾಥ್, ಮೈಸೂರಿನವನು, ಹಗಲೆಲ್ಲ ಆಫೀಸಿನಲ್ಲಿ ಮೀಟಿಂಗ್ ಮಾಡಿದರೂ ಮೀಟಿಂಗಿನ ಹಸಿವು ತೀರದವನು, ಎಲ್ಲಿಂದಲೋ ತಮ್ಮ ಸಭೆಯ ನಡವಳಿಯ ಪುಸ್ತಕ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದ. ತಾವು ಪ್ರತಿ ದಸರಾಕ್ಕೆ ಮೈಸೂರಿನಲ್ಲಿ ಸೇರುತ್ತಿದ್ದಿರಂತೆ, ತಾಲ್ಲೂಕಿಗಿಷ್ಟು ಜನ ಬಂದು ನಮ್ಮೂರಿಗೆ ಬಾವಿ ಬೇಕು, ಸೇತುವೆ ಬೇಕು, ಆಸ್ಪತ್ರೆ ಬೇಕು ಎಂದು ಅರಿಕೆ ಮಾಡುತ್ತಿದ್ದಿರಂತೆ, ದಿವಾನರು ಎಲ್ಲವನ್ನೂ ಕೇಳಿ ಪರಿಶೀಲಿಸಲಾಗುವುದು ಎನ್ನುತ್ತಿದ್ದರಂತೆ, ತಾವು ಕೈ ಮುಗಿದು ಊರಿಗೆ ಹೋಗುತ್ತಿದ್ದಿರಂತೆ. ಓದಿ ಕೇಳಿದಾಗ ತಮ್ಮ ಸಹನೆಗೆ ನಾನು ನಿಜವಾಗಿ ತಲೆಬಾಗಿದೆ. ನನಗೆ ಯಾರಾದರೂ ಎರಡು ಸಲ ಪರಿಶೀಲಿಸಲಾಗುವುದು ಅಂದಿದ್ದರೆ ಮೂರನೇ ಸಲಕ್ಕೆ ಅವರ ಮೇಜು ಇರುತ್ತಿರಲಿಲ್ಲ.

ಈ ಸಲ ದಸರಾಕ್ಕೆ ಅರ್ಧ ಗಂಟೆಯ ನಾಟಕವಾಗಿ ಇದನ್ನು ಆಡೋಣ ಎಂದದ್ದು ಗೋಪಿನಾಥ್. ಎಲ್ಲರೂ ಹೂಂ ಅಂದರು, ನಾನೂ ಅಂದೆ, ಆ ಪಾಪ ನನ್ನದೂ ಹೌದು. ದಿವಾನನಾಗಲು ಆಗಲೂ ಚುನಾವಣೆ ಇರಲಿಲ್ಲ ಎಂದು ಪುಸ್ತಕ ತೋರಿಸಿ ಅವನೇ ದಿವಾನನಾದ. ಹೆಂಡತಿ ಮೀರಾಳ ಜರಿಯಂಚಿನ ಶಲ್ಯ ಸುತ್ತಿ ಪೇಟ ಮಾಡಿದ, ದೇವರ ಮನೆಯ ಗಂಟೆಯನ್ನು ಸಭೆಗೆ ತಂದ. ಆ ಗಂಟೆ ಕೈಗೆ ಬಂದ ಮೇಲೆ ನಾಟಕ ನಾಟಕವಾಗಿ ಉಳಿಯಲಿಲ್ಲ ಸ್ವಾಮಿ. ಶಾಮಿಯಾನ ಬೇಕೇ ಬೇಡವೇ ಎಂಬುದಕ್ಕೂ ಲಿಖಿತ ಅರಿಕೆ, ಕುಡಿಯುವ ನೀರಿಗೂ ಲಿಖಿತ ಅರಿಕೆ, ಮೊದಲೇ ಬರೆದು ಕೊಡದ ವಿಷಯ ಎತ್ತಿದರೆ ಗಂಟೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಪುಷ್ಪಾವತಿ ಹತ್ತೊಂಬತ್ತು ದಸರಾಗಳಲ್ಲಿ ಈ ಮೈಸೂರಿನವರ ಬಿಸಿಬೇಳೆಬಾತಿಗೆ ಬೀನ್ಸ್ ಹೆಚ್ಚಿದ್ದಾಳೆ. ಒಂದು ಸಲವೂ ನನ್ನದೊಂದು ಅಡುಗೆ ಇರಲಿ ಎಂದವಳಲ್ಲ. ಈ ವರ್ಷ ಕಾರಿಡಾರಿನ ಕುಂಡಗಳಲ್ಲಿ ಕೆಸುವಿನ ಎಲೆ ಆನೆಕಿವಿಯ ಹಾಗೆ ಬಂದವು. ನಮ್ಮ ಕಡೆ ಪತ್ರೊಡೆ, ಅಂದರೆ ಈ ಎಲೆಗೆ ಅಕ್ಕಿ ಮಸಾಲೆಯ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ್ದು, ಮಾಡುವುದು ಆಟಿ ತಿಂಗಳ, ಅಂದರೆ ಆಷಾಢದ ಮಳೆಗೆ, ಇಲ್ಲಿಗಾದರೆ ವರ್ಷವಿಡೀ ಆಟಿ. ಆ ಎಲೆ ನೋಡುತ್ತ ಅವಳು, ಈ ಸಲ ದಸರಾಕ್ಕೆ ಎಲ್ಲರಿಗೂ ನಾನು ಪತ್ರೊಡೆ ಮಾಡಲೋ, ಕೇಳಿ ನೋಡಿ ಎಂದಳು. ಕೇಳುವುದೆಂತದ್ದು, ಆಗಲೇ ಪಾಸ್ ಆಗಿದೆ ಎಂದು ನಾನು ಹೇಳಿಬಿಟ್ಟೆ. ಲಿಫ್ಟಿನ ಬಾಗಿಲಲ್ಲಿ ಒಂದು ಸಲ ಜೋರು ಮಾಡಿದರೆ ಆಗುವ ಕೆಲಸ ಎಂದು ನನ್ನ ಲೆಕ್ಕ.

ಜೋರು ಮಾಡಿದೆ. ಗಂಟೆ ಬಾರಿಸಿದ. ಬರೆದು ಕೊಟ್ಟೆ. ಗೋಪಿನಾಥ್ ಅದನ್ನು ಎರಡು ಸಲ ಓದಿ, ನಿಮ್ಮದು ಯಾವ ತಾಲ್ಲೂಕು ಅಂಕಲ್ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಬಂಟ್ವಾಳ ಅಂದೆ. ಪುಸ್ತಕ ತಿರುವಿ, ನಿಮ್ಮ ಜಿಲ್ಲೆ ಆ ಕಾಲಕ್ಕೆ ಮದ್ರಾಸಿಗೆ ಸೇರಿತ್ತು, ಆದ್ದರಿಂದ ಈ ಸಭೆಯಲ್ಲಿ ನಿಮಗೆ ಸ್ಥಾನ ಬರುವುದಿಲ್ಲ, ಅರಿಕೆಯನ್ನು ಮಾತ್ರ ಸೌಜನ್ಯಕ್ಕಾಗಿ ಸ್ವೀಕರಿಸಿ ಪರಿಶೀಲಿಸಲಾಗುವುದು ಎಂದ. ಇಪ್ಪತ್ತು ವರ್ಷ ಅವರ ಕುರ್ಚಿ ಹೊತ್ತು ಹಾಕಿದವನಿಗೆ ಕುರ್ಚಿ ಇಲ್ಲ. ಮನೆಯಲ್ಲಿ ಮೊಮ್ಮಗಳು ಅಕ್ಷಿತಾ ವಿಷಯ ಕೇಳಿ, ಅಜ್ಜ, ಮದ್ರಾಸ್ ಅಂದ್ರೆ ಕ್ಯಾನಾಟ್ ಲಾ ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಟೀವಿ ಕಡೆ ತಿರುಗಿದಳು. ಅಜ್ಜಿಗೆ ಹೇಳದಂತೆ ಅವಳ ಬಾಯಿ ಮುಚ್ಚಿಸಲು ಒಂದು ಐಸ್‌ಕ್ರೀಮ್ ಹೋಯಿತು.

ದಿವಾನರ ನಿಷ್ಠೆಯನ್ನು ಹೊಗಳದೆ ಇರಲಾರೆ. ತಮ್ಮ ಕಾಲದ ಸಭೆಯಲ್ಲಿ ಹೆಂಗಸರು ಇರಲಿಲ್ಲವಾದ್ದರಿಂದ ಮೀರಾ, ಶ್ರೀವಿದ್ಯಾ ಮುಂತಾದ ಎಲ್ಲ ಹೆಂಗಸರನ್ನೂ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದ. ಅವರು ಜಗಳ ಮಾಡಿದರೆಂದು ತಾವು ತಿಳಿಯಬಾರದು. ನಗುನಗುತ್ತ ಹೋಗಿ ಕಾಲು ಚಾಚಿ ಕೂತರು. ಆ ನಗುವಿನ ಅರ್ಥ ನನಗೆ ಆಗಲೇ ತಿಳಿಯಿತು, ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ದಿವಾನರಿಗೆ ತಿಳಿಯಲಿಲ್ಲ.

ಊಟದ ವಿಷಯ ಅಡುಗೆ ಉಪಸಮಿತಿಗೆ ಹೋಯಿತು. ಅಧ್ಯಕ್ಷ ಸಾಗರ್, ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವವನು, ಸಭೆಯಲ್ಲಿ ತಿಪಟೂರಿನ ಪ್ರತಿನಿಧಿ. ಅವನ ಜೊತೆ ಇನ್ನಿಬ್ಬರು, ಮೂವರಿಗೂ ಕುಕ್ಕರಿನ ಮುಚ್ಚಳ ಯಾವ ಕಡೆ ತಿರುಗುತ್ತದೆಂದು ಗೊತ್ತಿಲ್ಲ. ಆದರೆ ವರದಿ ಬರೆದರು ನೋಡಿ, ಹನ್ನೊಂದು ಪುಟ, ಅರುವತ್ತು ಜನರಿಗೆ ತೊಗರಿಬೇಳೆ ಎಷ್ಟು, ತುಪ್ಪ ಮೇಲೆ ಹಾಕುವುದೋ ಒಳಗೋ ಎಂಬ ಭಿನ್ನಾಭಿಪ್ರಾಯ ಬೇರೆ ಪುಟದಲ್ಲಿ. ವಿಮಾನವನ್ನೂ ಹೀಗೆಯೇ ರಿಪೇರಿ ಮಾಡುತ್ತಾರಾದರೆ ನಾನು ಊರಿಗೆ ಹಡಗಿನಲ್ಲೇ ಹೋಗುತ್ತೇನೆ.

ಈ ಕಡೆ ನಾನು ದಿನಕ್ಕೆರಡು ಸಲ ನಾಲ್ಕನೇ ಮಹಡಿಗೆ ಹೋಗಿ ಪತ್ರೊಡೆ ಏನಾಯಿತೆಂದು ವಿಚಾರಿಸುವುದು, ಪರಿಶೀಲನೆಯಲ್ಲಿದೆ ಎಂಬ ಉತ್ತರ ಹೊತ್ತು ಎಂಟನೇ ಮಹಡಿಗೆ ಬರುವುದು, ಅಲ್ಲಿ ಪುಷ್ಪಾವತಿ ಎಷ್ಟು ಜನರಿಗೆ ಅಕ್ಕಿ ನೆನೆಹಾಕಲಿ ಎಂದರೆ ಅರುವತ್ತು ಎನ್ನುವುದು. ಸಭೆಯ ಹಿಂದಿನ ದಿನ ಕೊನೆಯ ಉತ್ತರ ಸಿಕ್ಕಿತು, ಈ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಕೈಗೆತ್ತಿಕೊಳ್ಳಲಾಗುವುದು. ಮುಂದಿನ ಅಧಿವೇಶನ ಮುಂದಿನ ದಸರಾಕ್ಕೆ. ಕೆಸುವಿನ ಎಲೆಗೆ ಇದನ್ನು ಹೇಳಿ ಒಂದು ವರ್ಷ ತಡೆದುಕೋ ಎನ್ನಲು ನಾನೇನು ದಿವಾನನೇ? ಹೆಂಡತಿಗಾದರೂ ನಿಜ ಹೇಳಬೇಕೆಂದು ಅಡುಗೆಮನೆಗೆ ಹೋದೆ. ಅವಳು ತೆಂಗಿನಕಾಯಿ ತುರಿಯುತ್ತ ಹಳೆಯ ಹಾಡೊಂದನ್ನು ಗುನುಗುತ್ತಿದ್ದಳು. ನೀರು ಕುಡಿದು ವಾಪಸ್ ಬಂದೆ.

ಭಾನುವಾರ ಸಭೆ ಬಹಳ ಗಂಭೀರವಾಗಿ ನಡೆಯಿತು. ಅರ್ಧ ಗಂಟೆಯ ನಾಟಕ ಎರಡು ಗಂಟೆಯಾಯಿತು. ನಾನು ಮದ್ರಾಸ್ ಪ್ರಾಂತ್ಯದಲ್ಲಿ, ಅಂದರೆ ಲಿಫ್ಟಿನ ಪಕ್ಕದ ಕಂಬದ ಹತ್ತಿರ ನಿಂತು ನೋಡಿದೆ. ಒಂದೂವರೆಗೆ ಮಕ್ಕಳು ಹಸಿವೆಂದು ಅಳತೊಡಗಿದವು. ದಿವಾನರು ಊಟಕ್ಕೆ ಅಪ್ಪಣೆ ಕೊಟ್ಟರು. ಸಾಗರ್ ಎದ್ದು ವರದಿ ಸಿದ್ಧವಿದೆ ಎಂದ. ಬಾತು ಎಲ್ಲಿ ಎಂದರು. ವರದಿಯನ್ನು ಸಭೆ ಒಪ್ಪಿದ ಮೇಲೆ ಅಡುಗೆಗೆ ಹೇಳಬೇಕೆಂದು ಸಮಿತಿ ತಿಳಿದಿತ್ತು ಎಂದ. ಎಲ್ಲರೂ ಹೆಂಗಸರ ಕಡೆ ನೋಡಿದರು. ಶ್ರೀವಿದ್ಯಾ ಬೀಸಣಿಗೆ ಬೀಸಿಕೊಳ್ಳುತ್ತ, ನಾವು ಪ್ರೇಕ್ಷಕರು ಎಂದಳು.

ಆಗ ಲಿಫ್ಟಿನ ಬಾಗಿಲು ತೆರೆಯಿತು. ಪುಷ್ಪಾವತಿ ಸಂತೆಗೆ ಹೋಗುವ ತಳ್ಳುಗಾಡಿಯಲ್ಲಿ ಮೂರು ದೊಡ್ಡ ಪಾತ್ರೆ ತಳ್ಳಿಕೊಂಡು ಬಂದಳು, ಹಸಿರು ಸೀರೆ ಉಟ್ಟಿದ್ದಳು, ಮುಖವೆಲ್ಲ ಹಬೆ. ಅರುವತ್ತು ಜನ ತಿರುಗಿ ನೋಡಿದ್ದು ಕಂಡು ಅವಳಿಗೆ ಗಾಬರಿಯಾಯಿತು. ನಾನು ಕಂಬದ ಹಿಂದೆ ಸರಿದೆ.

“ಪತ್ರೊಡೆ ತಂದೆ. ಆಗಲೇ ಪಾಸ್ ಆಗಿದೆ ಅಂತ ಇವರು ಹೇಳಿದ್ರು, ಅಲ್ವಾ?”

ದಿವಾನರು ಪಾತ್ರೆ ನೋಡಿದರು, ಅವಳ ಮುಖ ನೋಡಿದರು, ಆಮೇಲೆ ಕಂಬದ ಹಿಂದಿನಿಂದ ಇಣುಕುತ್ತಿದ್ದ ನನ್ನನ್ನು ನೋಡಿದರು. ಗಂಟೆ ಕೆಳಗಿಟ್ಟು ಎದ್ದು ನಿಂತು ಪೇಟ ಸರಿಮಾಡಿಕೊಂಡರು.

“ಹೌದು ಆಂಟಿ, ಆಗಲೇ ಪಾಸ್ ಆಗಿದೆ. ಮೊದಲನೇ ಐಟಮ್ಮೇ ಅದು.”

ನನ್ನ ದೂರು ಇರುವುದೇ ಇಲ್ಲಿ, ಮಾನ್ಯರೇ. ಒಂದೂವರೆ ತಿಂಗಳು ಆ ಹುಡುಗನ ಮೇಲೆ ನಾನು ಕೂಡಿಟ್ಟ ಸಿಟ್ಟು, ಹುಣಸೆಹಣ್ಣಿನ ಹಾಗೆ ಉಪ್ಪು ಹಾಕಿ ಜೋಪಾನ ಮಾಡಿದ ಸಿಟ್ಟು, ಒಂದೇ ಮಾತಿಗೆ ಅನಾಥವಾಯಿತು. ಇನ್ನು ಅವನನ್ನು ಬೈದರೆ ಯಾಕೆಂದು ಹೆಂಡತಿ ಕೇಳುತ್ತಾಳೆ, ಯಾಕೆಂದು ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತದೆ. ಲಿಫ್ಟಿನಲ್ಲಿ ಸಿಕ್ಕಿದಾಗ ನಗಬೇಕಾಗಿದೆ. ಅರುವತ್ತಾರನೇ ವಯಸ್ಸಿನಲ್ಲಿ ಇದು ನನ್ನ ದವಡೆಗೆ ಹೊಸ ವ್ಯಾಯಾಮ. ಆದ್ದರಿಂದ ಬೈಯುವುದಕ್ಕೆ ತಿರುಗಿ ಹೇಳಲಾರದವರು ಬೇಕಾಗಿ ತಮ್ಮನ್ನು ಆರಿಸಿಕೊಂಡಿದ್ದೇನೆ.

ಈ ನಷ್ಟಕ್ಕೆ ಪರಿಹಾರವಾಗಿ ತಾವು ದಯವಿಟ್ಟು ಕೂಡಲೇ ಒಮ್ಮೆ ಸಭೆ ಸೇರಿ, ಮೈಸೂರಿನ ಗಡಿಯನ್ನು ನೂರು ವರ್ಷ ಹಿಂದಿನಿಂದ ಜಾರಿಗೆ ಬರುವಂತೆ ಘಟ್ಟ ಇಳಿಸಿ ಬಂಟ್ವಾಳದ ನನ್ನ ಅಜ್ಜನ ಅಂಗಳದವರೆಗೆ ತರಬೇಕು, ಅಂಗಳ ದಾಟುವುದು ಬೇಡ, ಆಚೆಯವರು ನಮಗೆ ಆಗದವರು. ಆಮೇಲೆ ನನಗೊಂದು ಕುರ್ಚಿ, ಕೈಯಿರುವುದು. ಇದ್ಯಾವುದೂ ಆಗದಿದ್ದರೆ ಪರಿಶೀಲಿಸಲಾಗುವುದು ಎಂದು ಮಾತ್ರ ಬರೆಯಬೇಡಿ, ಆಗುವುದಿಲ್ಲ ಹೋಗಯ್ಯಾ ಎಂದು ಬರೆಯಿರಿ. ಅದು ನನಗೆ ಅರ್ಥವಾಗುವ ಭಾಷೆ.

ಸಿಟ್ಟು ಇಡಲು ಜಾಗವಿಲ್ಲದ, ಮದ್ರಾಸ್ ಕಂಬದ ಪಕ್ಕದ
ತಮ್ಮ ವಿಶ್ವಾಸಿ,
ಕೂಸಪ್ಪ

ಮರೆತ ಮಾತು: ಪತ್ರೊಡೆಗೆ ಹುಣಸೆ ಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದೆಂದು ಘಟ್ಟದ ಮೇಲಿನ ತಮಗೆ ತಿಳಿದಿರಲಾರದು. ಆ ದಿನ ಐವತ್ತೊಂಬತ್ತು ಜನರಿಗೆ ಏನೂ ಆಗಲಿಲ್ಲ, ದಿವಾನರೊಬ್ಬರಿಗೆ ಮಾತ್ರ ಗಂಟಲು ಕೆರೆದು ಸಮಾರೋಪ ಭಾಷಣ ಓದಲಾಗಲಿಲ್ಲ. ಎಲ್ಲ ಸುರುಳಿಗೂ ಹುಳಿ ಒಂದೇ ಹಾಕಿದ್ದೆ ಎಂದು ಪುಷ್ಪಾವತಿ ಆಣೆ ಮಾಡುತ್ತಾಳೆ. ಹಿಂದಿನ ಸಂಜೆ ಒಂದು ಸುರುಳಿಯ ಎಲೆಗೆ ಹಿಟ್ಟು ಸವರಿಕೊಟ್ಟದ್ದು ನಾನು. ಅದೇ ಸುರುಳಿ ದಿವಾನರ ತಟ್ಟೆಗೆ ಹೇಗೆ ಹೋಯಿತೆಂಬ ವಿಷಯ ಪರಿಶೀಲನೆಯಲ್ಲಿದೆ.