ಊಟಿಗೆ ಹೊರಟ ಪೈಲಟ್

ಗೋವಿಂದಯ್ಯ ಮೇಷ್ಟ್ರು ಅವತ್ತು ಪೇಪರ್ ಓದುವವರೆಗೆ ವ್ಯಾನ್ ಡ್ರೈವರ್ ಕುಮಾರನ ಮದುವೆಗೂ ವಿಮಾನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ನರಸೀಪುರದ ಮರಿಯಯ್ಯ ತಮ್ಮ ಮಗಳು ಪುಟ್ಟಲಕ್ಷ್ಮಿಯನ್ನು ಅವನಿಗೆ ಕೊಡುವ ಮುಂಚೆ ಒಂದು ಪರೀಕ್ಷೆ ಇಟ್ಟಿದ್ದರು. ಹುಡುಗ ತಮ್ಮ ಮನೆಮಂದಿಯನ್ನೆಲ್ಲ ಊಟಿಗೆ ಕರೆದುಕೊಂಡು ಹೋಗಬೇಕು. ಘಟ್ಟದಲ್ಲಿ ಗಾಡಿ ಓಡಿಸಬಲ್ಲವನು ಸಂಸಾರವನ್ನೂ ಓಡಿಸುತ್ತಾನೆಂಬುದು ಅವರ ನಂಬಿಕೆ. ಹೊರಡುವ ದಿನ ಬೆಳಿಗ್ಗೆ ನಂಜನಗೂಡಿನಲ್ಲಿ ಕುಮಾರ ವ್ಯಾನ್ ತೊಳೆಯುತ್ತಿರುವಾಗ ಪಕ್ಕದ ಮನೆ ಜಗಲಿಯಿಂದ ಮೇಷ್ಟ್ರು ಕೂಗಿದರು.

"ಲೇ ಕುಮಾರ, ಹತ್ತು ಸಾವ್ರ ಅಡಿ ಮೇಲೆ ಪೈಲಟ್‌ಗಳು ಮೂಗಿಗೆ ಆಕ್ಸಿಜನ್ ಇಟ್ಕೋಬೇಕಂತೆ ಕಣ್ಲಾ. ರೂಲ್ಸು! ಇಲ್ದಿದ್ರೆ ತಲೆ ಗಿರ್ರಂದು, ಸುಮ್‌ಸುಮ್ನೆ ನಗ್ತಾ ಏನೇನೋ ಬಟನ್ ಒತ್ಬುಡ್ತಾರಂತೆ."

"ಊಟಿ ಏಳೇ ಸಾವ್ರ ಸಾ."

"ಅದ್ರ ಮೇಲೆ ದೊಡ್ಡಬೆಟ್ಟ. ಬೆಟ್ಟದ ಮೇಲೆ ವ್ಯಾನು. ವ್ಯಾನ್ ಮೇಲೆ ನಿನ್ ಸೀಟು. ಕೂಡ್ಕೊ!"

"ಅದು ವಿಮಾನುಕ್ಕೆ ಸಾ."

"ಭದ್ರವಾಗಿ ಮುಚ್ಚಿರೋ ದೊಡ್ಡ ವಿಮಾನಕ್ಕೆ ಬ್ಯಾಡ್ವಂತೆ. ನಿನ್ ವ್ಯಾನಿನ ಕಿಟಕಿ ಮುಚ್ಚುತ್ತೇನ್ಲಾ?"

ಮುಚ್ಚುತ್ತಿರಲಿಲ್ಲ. ಇದನ್ನೆಲ್ಲ ಕೇಳಿಸಿಕೊಂಡ ಕುಮಾರನ ತಾಯಿ ಪಾಪಮ್ಮ ವ್ಯಾನಿನ ಮುಂದೆ ಕೂತೇಬಿಟ್ಟರು. "ಗಾಳಿ ಇಲ್ದೆ ಓಗ್ಬ್ಯಾಡ ಕಣಪ್ಪ!"

ಕೊನೆಗೆ ರೋಗಿಗಳಿಗೆ ಬಾಡಿಗೆ ಕೊಡುವ ಆಕ್ಸಿಜನ್ ಸಿಲಿಂಡರೊಂದು ಮಾಸ್ಕ್ ಸಮೇತ ವ್ಯಾನ್ ಹತ್ತಿತು. "ಡ್ರೈವರ್ ಸ್ಟೇರಿಂಗ್ ಬಿಡಂಗಿಲ್ಲ. ಸಿಲಿಂಡರ್ ತಿರುಪು ತಿರುಗ್ಸೋಕೆ ನಮ್ ಜಗನ್ ಬತ್ತಾನೆ," ಎಂದು ಮೇಷ್ಟ್ರು ಮಗನನ್ನೂ ಹತ್ತಿಸಿದರು. ಪಾಪ, ಅವನಿಗೂ ಎಲ್ಲೂ ಹೆಣ್ಣು ಕುದುರಿರಲಿಲ್ಲ.

ನರಸೀಪುರದಲ್ಲಿ ಮಾಸ್ಕ್ ತೊಟ್ಟ ಭಾವಿ ಅಳಿಯನನ್ನು ಕಂಡು ಮರಿಯಯ್ಯ ಹೌಹಾರಿದರು. "ಉಬ್ಸ ಗಿಬ್ಸ ಏನಾರ ಅದಾ ಉಡ್ಗುಂಗೆ?"

ಇದು ಪೈಲಟ್‌ಗಳ ರೂಲ್ಸೆಂದು ಜಗನ್ ವಿವರಿಸುವಷ್ಟರಲ್ಲಿ ಕುಮಾರ ಮಾಸ್ಕ್ ಕಿತ್ತೆಸೆದ. ತನ್ನ ಶ್ವಾಸಕೋಶದ ತಾಕತ್ತು ತೋರಿಸಲು ಘಟ್ಟದುದ್ದಕ್ಕೂ ಗಂಟಲು ಹರಿಯುವಂತೆ ಹಾಡಿದ. ದೊಡ್ಡಬೆಟ್ಟದಲ್ಲಿ ಹುಡುಗಿಯ ಅಜ್ಜಿ ಚನ್ನಾಜಮ್ಮನನ್ನು ಬೆನ್ನಿಗೆ ಹೊತ್ತುಕೊಂಡು ತುದಿಯವರೆಗೂ ಓಡಿದ. ಇನ್ನೇನು ಹುಡುಗಿ ತನ್ನವಳೇ ಎಂದು ಕುಣಿಯುತ್ತ ಇಳಿದು ಬಂದರೆ, ಮರಿಯಯ್ಯ ತಿರುವುಗಳಿಗೆ ತಲೆಸುತ್ತಿ ಬಾಡಿದ ಬಾಳೆ ಎಲೆಯಂತೆ ಮಲಗಿದ್ದರು. ಜಗನ್ ಅವರ ಮೂಗಿಗೆ ಮಾಸ್ಕ್ ಹಿಡಿದಿದ್ದ. ಅವನು ಹೇಳಿದಂತೆ ಪುಟ್ಟಲಕ್ಷ್ಮಿ ನಗುನಗುತ್ತ ತಿರುಪು ತಿರುಗಿಸುತ್ತಿದ್ದಳು.

ಮರಿಯಯ್ಯ ಕಣ್ಣು ಬಿಟ್ಟರು. "ಗಾಡಿ ಚೆನ್ನಾಗೇ ಓಡುಸ್ತೀಯ ಕಣಪ್ಪ ಕುಮಾರ. ಆದ್ರೆ ರೂಲ್ಸ್ ಕಿತ್ತೆಸ್ದೆ. ಈ ಉಡ್ಗ ಅದ್ನ ಇಡ್ಕಂಡು ಕೂತಿದ್ದ, ನನ್ ಜೀವ ಉಳೀತು. ನಮ್ಮನೆಗೆ ಇಂತೋನು ಬೇಕು."

ಮದುವೆಯಾದ ವಾರಕ್ಕೇ ಜಗನ್, ಪುಟ್ಟಲಕ್ಷ್ಮಿ ಊಟಿಗೆ ಹೊರಟರು, ಕುಮಾರನ ವ್ಯಾನಿನಲ್ಲೇ. ಪಾಪಮ್ಮ ಈ ಸಲವೂ ಸಿಲಿಂಡರ್ ಮರೆಯಲಿಲ್ಲ. ಹಿಂದಿನ ಸೀಟಿನಲ್ಲಿ ಪುಟ್ಟಲಕ್ಷ್ಮಿ ಗಂಡನ ಹೆಗಲಿಗೆ ಒರಗಿದ್ದು ಕನ್ನಡಿಯಲ್ಲಿ ಕಂಡಿತು. ನಂಜನಗೂಡು ದಾಟುವ ಮೊದಲೇ ಕುಮಾರನಿಗೆ ಉಸಿರು ಕಟ್ಟಿತು. ಯಾರೂ ಹೇಳದಿದ್ದರೂ ಮಾಸ್ಕ್ ಹಾಕಿಕೊಂಡ.