ಕೆಂಪು ಪೆನ್ಸಿಲ್ಲಿನ ಪ್ರಣಾಳಿಕೆ

ಅರವತ್ತು ದಾಟಿದ ಹೆಂಗಸು ಚಿತ್ರಕಲೆ ಕಲಿಯಲು ಹೊರಟರೆ ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ಬಾಗಿಲಿಗೆ ಬರುತ್ತವೆ. ನಾನು ಆ ಕಾಲದ ಬಿ.ಎಸ್ಸಿ., ಅದೂ ಪ್ರಥಮ ದರ್ಜೆ. ನಡೆದದ್ದನ್ನು ನಡೆದ ದಿನವೇ ಬರೆದಿಡುವುದು ನನ್ನ ಅಭ್ಯಾಸ. ಹಾಗಾಗಿ ಇಲ್ಲಿ ಉತ್ಪ್ರೇಕ್ಷೆ ಇಲ್ಲ.

ನಮ್ಮ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಗುರುತು ಹಾಕುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಮರೆವಿನ ಕಾಯಿಲೆ ಬಂತು. ಮೊದಲು ಮನೆಯ ದಾರಿ ಹೋಯಿತು, ಆಮೇಲೆ ಮಗಳ ಹೆಸರು. ಜೇಬಿನ ಕೆಂಪು ಪೆನ್ಸಿಲ್ ಮಾತ್ರ ಉಳಿಯಿತು. ಅವರಿಗೆ ನನ್ನ ಗುರುತು ಇರುವಾಗಲೇ ಅವರ ಮುಖ ಬರೆದುಬಿಡಬೇಕೆಂದು ನಾನು ವಿಜಯನಗರದ ಸಂಜೆ ಕಲಾಶಾಲೆಗೆ ಸೇರಿದೆ.

"ಮೊಬೈಲಲ್ಲಿ ಬೇಕಾದಷ್ಟು ಫೋಟೋ ಇದೆಯಲ್ಲಮ್ಮ," ಅಂದಳು ಮಗಳು.

"ಅದರಲ್ಲೆಲ್ಲ ಅವರು ಮೊಬೈಲ್ ನೋಡ್ತಿದಾರೆ ಕಣೇ. ನನ್ನನ್ನಲ್ಲ."

ಮೊದಲ ಕರಡು

ನಮ್ಮ ಮೇಷ್ಟ್ರು ನನ್ನ ಮಗಳಿಗಿಂತ ಚಿಕ್ಕವರು. ಕೋರ್ಸಿನ ಕೊನೆಯ ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಪ್ರತಿಯೊಬ್ಬರೂ ತಮ್ಮ ಪ್ರಣಾಳಿಕೆ ಅಂಟಿಸಬೇಕು ಎಂದರು. ಕಲಾವಿದರಾಗಿ ಏನು ನಂಬುತ್ತೀರಿ, ಏನನ್ನು ಎಂದೂ ಮಾಡುವುದಿಲ್ಲ ಎಂಬ ಘೋಷಣೆ.

ಪಕ್ಕದ ಹುಡುಗಿ ಎದ್ದು ನಿಂತು ಓದಿದಳು: "ಕಲೆ ಬೆಂಕಿ. ನಾನು ಎಲ್ಲ ನಿಯಮಗಳನ್ನೂ ಸುಡುತ್ತೇನೆ." ಚಪ್ಪಾಳೆ ಬಿತ್ತು.

ನಾನು ಓದಿದೆ: "ಬ್ರಷ್ಷುಗಳನ್ನು ಅಂದಂದೇ ತೊಳೆಯತಕ್ಕದ್ದು. ಕಾಗದ ಪೋಲು ಮಾಡತಕ್ಕದ್ದಲ್ಲ."

ಮೇಷ್ಟ್ರು ತಲೆ ಕೆರೆದುಕೊಂಡರು. "ಮೇಡಂ, ಇದು ಅಪಾರ್ಟ್‌ಮೆಂಟ್ ರೂಲ್ಸ್ ಥರ ಇದೆ. ನೀವು ಯಾರಿಗೋಸ್ಕರ ಚಿತ್ರ ಬರೀತೀರಿ? ಅದನ್ನ ಹೇಳಿ."

ಉತ್ತರ ಗೊತ್ತಿತ್ತು. ಹಾಳೆ ಮಡಚಿಕೊಂಡು ಕುಳಿತೆ. ಕ್ಲಾಸು ಮುಗಿದ ಮೇಲೆ ನಿಯಮ ಸುಡುವ ಹುಡುಗಿ ನನ್ನ ಹತ್ತಿರ ಬಂದಳು. "ಆಂಟಿ, ಸ್ಕೇಲ್ ಇದ್ಯಾ? ಪ್ರಣಾಳಿಕೆಗೆ ಮಾರ್ಜಿನ್ ಹಾಕ್ಬೇಕಿತ್ತು."

ರಿಜೆಕ್ಟ್

ಮನೆಯಲ್ಲಿ ಅವರನ್ನು ಕಿಟಕಿ ಪಕ್ಕ ಕೂರಿಸಿ ಬರೆದೆ. ಮುಗಿಸಿ ತೋರಿಸಿದರೆ ಜೇಬಿನಿಂದ ಪೆನ್ಸಿಲ್ ತೆಗೆದು ಮೂಗಿನ ಸುತ್ತ ಕೆಂಪಗೆ ಒಂದು ಸುತ್ತು ಹಾಕಿದರು.

"ಮೂಗಿನ ಅಳತೆ ಔಟ್. ರಿಜೆಕ್ಟ್."

"ನಿಮ್ಮ ಮೂಗೇ ಹಾಗಿದೆ ಕಣ್ರಿ."

"ಹಾಗಂತ ಬಿಡೋಕಾಗುತ್ತಾ?"

ಮಾರನೆಯ ದಿನ ಅದೇ ಚಿತ್ರವನ್ನು ಮತ್ತೆ ಮುಂದಿಟ್ಟೆ. ಹಿಂದಿನ ದಿನದ್ದು ಅವರಿಗೆ ನೆನಪಿರಲಿಲ್ಲ. ಕೆಂಪು ಸುತ್ತು ನೋಡಿ ತಲೆದೂಗಿದರು. "ಇದನ್ನ ಚೆಕ್ ಮಾಡಿರೋನು ಯಾರೋ ಗಟ್ಟಿ ಆಸಾಮಿ."

ಆ ದಿನ ನನ್ನ ಪ್ರಣಾಳಿಕೆ ಒಂದೇ ವಾಕ್ಯಕ್ಕೆ ಇಳಿಯಿತು: *ನಮ್ಮ ಮನೆಯವರು ಪಾಸ್ ಮಾಡದ ಚಿತ್ರಕ್ಕೆ ನಾನು ಸಹಿ ಹಾಕುವುದಿಲ್ಲ.*

"ಈ ಕಾಲದಲ್ಲೂ ಗಂಡನ ಪರ್ಮಿಷನ್ನಾ ಆಂಟಿ?" ಎಂದು ಕ್ಲಾಸಿನಲ್ಲಿ ಅದನ್ನು ಓದಿದ ಹುಡುಗಿ ಮುಖ ಸಿಂಡರಿಸಿದಳು.

"ಪರ್ಮಿಷನ್ ಅಲ್ಲಮ್ಮ. ಇನ್ಸ್‌ಪೆಕ್ಷನ್."

ನಾದಿನಿ ಬಂದಾಗ

ರಿಜೆಕ್ಟ್ ಆದ ಚಿತ್ರಗಳನ್ನೆಲ್ಲ ಹಾಲಿನ ಗೋಡೆಗೆ ಸಾಲಾಗಿ ಒರಗಿಸಿದ್ದೆ. ಮೂಡಲಪಾಳ್ಯದಿಂದ ಅಣ್ಣನನ್ನು ನೋಡಲು ಬಂದ ನಾದಿನಿ ಅವನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಎಲ್ಲೆಲ್ಲಿ ತೊಂದರೆ ಇದೆ ಅಂತ ಡಾಕ್ಟ್ರು ಗುರುತು ಹಾಕಿದಾರಾ ಅತ್ತಿಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಳುತ್ತಾ ದೇವರ ಮನೆಗೆ ಹೋಗಿ ವಿಭೂತಿ ತಂದು ಅಣ್ಣನ ಮೂಗಿಗೆಲ್ಲ ಬಳಿದಳು. ಅವರು ಸುಮ್ಮನೆ ಬಳಿಸಿಕೊಂಡರು. ಅವಳು ಹೋದ ಮೇಲೆ ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರೆ, "ಥ್ಯಾಂಕ್ಸ್ ಸಿಸ್ಟರ್. ನಿಮ್ಮ ಆಸ್ಪತ್ರೆಗೆ ಯಾರ್ಯಾರನ್ನೋ ಒಳಗೆ ಬಿಡ್ತೀರಲ್ಲ," ಎಂದರು.

ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಪ್ರದರ್ಶನ

ಕೊನೆಯ ಚಿತ್ರವನ್ನು ಅವರಿಗೆ ತೋರಿಸದೆಯೇ ಕಲಾಶಾಲೆಯ ಗೋಡೆಗೆ ಹಾಕಿದ್ದೆ. ಕೆಳಗೆ ಪ್ರಣಾಳಿಕೆ. ಸಹಿಯ ಜಾಗ ಖಾಲಿ.

ಮಗಳು ಅವರನ್ನು ಆಟೋದಲ್ಲಿ ಕರೆತಂದಳು. ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಪೆನ್ಸಿಲ್ಲು. ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ಪೆನ್ಸಿಲ್ ತೆಗೆದು ಮೂಗಿನ ಹತ್ತಿರ ಒಯ್ದಾಗ ಮೇಷ್ಟ್ರು ಓಡಿ ಬಂದರು; ತಡೆಯಬೇಡಿ ಎಂದು ನಾನು ಮೇಷ್ಟ್ರಿಗೆ ಕೈಸನ್ನೆ ಮಾಡಿದೆ. ಪೆನ್ಸಿಲ್ ಕೆಳಗಿಳಿಯಿತು.

"ಪಾಸ್," ಎಂದರು. "ಯಾರು ಮಾಡಿದ್ದು?"

"ನಾನೇ."

ನನ್ನ ಮುಖ ನೋಡಿದರು. ಗುರುತು ಹತ್ತಲಿಲ್ಲ. ಚಿತ್ರದಲ್ಲಿರುವವರ ಗುರುತೂ ಹತ್ತಿರಲಿಲ್ಲ.

"ಮದುವೆ ಆಗಿದ್ಯಾ ಮೇಡಂ?"

"ಆಗಿದೆ."

"ಯಜಮಾನ್ರು ಏನಂತಾರೆ ನಿಮ್ಮ ಕೆಲಸ ನೋಡಿ?"

"ಇಲ್ಲೀತನಕ ಎಲ್ಲಾನೂ ರಿಜೆಕ್ಟ್ ಮಾಡಿದಾರೆ."

ಅವರು ಹತ್ತಿರ ಸರಿದು, ಚಿತ್ರದಲ್ಲಿರುವವರಿಗೆ ಕೇಳಿಸಬಾರದು ಎನ್ನುವಂತೆ ದನಿ ತಗ್ಗಿಸಿದರು. "ಆ ಮನುಷ್ಯನಿಗೆ ಏನೂ ಗೊತ್ತಾಗಲ್ಲ ಬಿಡಿ. ನೀವು ಸಹಿ ಹಾಕಿ," ಎಂದು ತಮ್ಮ ಕೆಂಪು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು.