ಮೊದಲು ಮಜ್ಜಿಗೆ, ಆಮೇಲೆ ಎತ್ತು

ಹೇಮಶ್ರೀ ನಮ್ಮ ಮನೆಗೆ ಮೊದಲ ಸಲ ಬಂದದ್ದು ಸ್ಟೇಪ್ಲರ್ ಕೇಳಿಕೊಂಡು. ಭಾನುವಾರ, ಬೆಳಿಗ್ಗೆ ಹತ್ತೂಕಾಲು. ನಾನು ಜಗುಲಿಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಗೇಟು ಕಿರ್ರೆಂದಿತು. ಹಸಿರು ಚೂಡಿದಾರ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಎದೆಗವುಚಿಕೊಂಡ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಒಂದು ಕಾಲು ಗೇಟಿನ ಒಳಗೆ, ಇನ್ನೊಂದು ಹೊರಗೆ. ಬೈದರೆ ಓಡುವುದಕ್ಕೆ ಅನುಕೂಲವಾಗಿರಲಿ ಎಂಬಂತೆ ನಿಂತಿದ್ದಳು.

"ಸರ್, ಸ್ಟೇಪ್ಲರ್ ಇದೆಯಾ?"

ಕೊಟ್ಟೆ. ಎರಡು ಹಾಳೆಗೆ ಒಂದು ಪಿನ್ನು ಹೊಡೆದಳು. ಹೋಗಲಿಲ್ಲ.

"ಸರ್, ಒಂದು ಪೆನ್ನು?"

ಕೊಟ್ಟೆ. ಅಂಗೈ ಮೇಲೆ ಗೀಚಿ ನೋಡಿ ವಾಪಸು ಕೊಟ್ಟಳು. ಆಗಲೂ ಹೋಗಲಿಲ್ಲ.

"ಸರ್, ಟೈಮೆಷ್ಟು?"

ಹೇಳಿದೆ. ನಮ್ಮ ದಾಸವಾಳದ ಗಿಡವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ, ಗಿಡವನ್ನೇ ಕೇಳುತ್ತಿರುವವಳ ಹಾಗೆ ಕೇಳಿದಳು: "ಸರ್... ಸಿಇಟಿ ಆಪ್ಷನ್ ಎಂಟ್ರಿ ಮಾಡೋದು ನಿಮಗೆ ಗೊತ್ತಾ?"

ಆಹಾ! ನನ್ನ ಜಾತಿಯ ಪ್ರಾಣಿಯನ್ನು ನಾನು ಗುರುತಿಸಿಬಿಟ್ಟೆ. ಜಾತಿ ಎಂದರೆ ಸರ್ಟಿಫಿಕೇಟಿನ ಜಾತಿಯಲ್ಲ. ಕೇಳುವುದಕ್ಕೆ ಹಿಂಜರಿಯುವವರ ಜಾತಿ. ನಮ್ಮಪ್ಪ ಉಳುಮೆಗೆ ಗೌಡರ ಮನೆಯ ಎತ್ತು ಕೇಳಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಒಂದೇ ಉಪದೇಶ: "ನೋಡು ಮಗಾ, ದೊಡ್ಡೋರ ಮನೆಗೆ ಹೋದ್ರೆ ಮೊದಲು ಮಜ್ಜಿಗೆ ಕೇಳ್ಬೇಕು. ಆಮೇಲೆ ಎತ್ತು ಕೇಳ್ಬೇಕು. ಮೊದಲೇ ಎತ್ತು ಕೇಳಿದ್ರೆ ಮಜ್ಜಿಗೇನೂ ಹುಟ್ಟಲ್ಲ."

ಈ ಒಂದು ಸೂತ್ರದ ಬಲದಿಂದಲೇ ನಾನು ಬದುಕಿನಲ್ಲಿ ಮೇಲೆ ಬಂದವನು. ನಮ್ಮ ವಂಶದಲ್ಲಿ ಪದವಿ ಎಂಬ ಪದಾರ್ಥವನ್ನು ಕಣ್ಣಾರೆ ಕಂಡ ಮೊದಲಿಗ! ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ದ್ವಿತೀಯ ದರ್ಜೆ ಸಹಾಯಕ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅರ್ಜಿ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ನರಳುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಯಾರು?

ಅಂದೇ ಶಪಥ ಮಾಡಿದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸಿದೆ: 'ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಉಚಿತ ಮಾರ್ಗದರ್ಶನ. ಕಾಲೇಜು, ಅರ್ಜಿ, ಸಂದರ್ಶನ, ಭವಿಷ್ಯ.'

ನನ್ನ ಹೆಂಡತಿ ಉಮಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಬಂದು ಬೋರ್ಡು ಓದಿದಳು.

"ಭವಿಷ್ಯಾನೂ ಹೇಳ್ತೀರಾ? ಹಸ್ತ ನೋಡಿನಾ, ಜಾತಕ ನೋಡಿನಾ?"

"ಇದು ವೃತ್ತಿ ಮಾರ್ಗದರ್ಶನ ಕಣೇ! ಈ ಬೀದಿಯ ಮಕ್ಕಳನ್ನೆಲ್ಲ ದಡ ಸೇರಿಸ್ತೀನಿ!"

"ಸೇರಿಸಿ ಮಾರಾಯ್ರೆ. ಮೊದಲು ಆ ಗೇಟಿಗೆ ಎಣ್ಣೆ ಬಿಡಿ."

ಪ್ರಚಾರದ ಫಲವಾಗಿ ಇನ್ನೊಬ್ಬ ವಿದ್ಯಾರ್ಥಿಯೂ ಬಂದ. ಆನಂದ್ ಎಂದು ಹೆಸರು. ಅವನಿಗೆ ಅಣಕು ಸಂದರ್ಶನ ಮಾಡಿದೆ. ಇಸ್ತ್ರಿ ಅಂಗಿ ತೊಟ್ಟು, ಊಟದ ಮೇಜಿನ ಹಿಂದೆ ಕೂತು ಗಂಭೀರವಾಗಿ ಕೇಳಿದೆ: "ಇನ್ನು ಐದು ವರ್ಷಕ್ಕೆ ನೀನು ಎಲ್ಲಿರ್ತೀಯ?"

"ಇಲ್ಲೇ ಸರ್, ಅಪ್ಪರ್ ಹುತ್ತಾದಲ್ಲೇ. ಸ್ವಂತ ಮನೆ ಅಲ್ವಾ!"

ಮರುದಿನದಿಂದ ಅವನು ಬರಲಿಲ್ಲ. ಹೀಗಾಗಿ ನನ್ನ ಸಮಸ್ತ ಮಾರ್ಗದರ್ಶನವೂ ಹೇಮಶ್ರೀ ಒಬ್ಬಳ ತಲೆಯ ಮೇಲೆ ಬಿತ್ತು. ಪಾಪದ ಹುಡುಗಿ!

ಅವಳ ಅಪ್ಪ ನಾಗಯ್ಯ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಗುತ್ತಿಗೆ ಕೆಲಸಕ್ಕಿದ್ದ; ಹೂವಿನ ಗಿಡಗಳಿಗೆ ನೀರು ಹಾಕುವುದು, ಹುಲ್ಲು ಕತ್ತರಿಸುವುದು. ಅವರ ಮನೆಯಲ್ಲಿ ಪಿಯುಸಿ ದಾಟಿದವರೇ ಇರಲಿಲ್ಲ. ಹುಡುಗಿಗೆ ಬೇಕಾಗಿದ್ದದ್ದು ಒಂದೇ: ಪಶುವೈದ್ಯಕೀಯ.

"ಯಾಕಮ್ಮ, ಅದೇ ಯಾಕೆ?"

"ಅಜ್ಜಿ ಊರಲ್ಲಿ ಒಂದ್ಸಲ ಎಮ್ಮೆ ಕರು ಹಾಕೋಕಾಗದೆ ಒದ್ದಾಡ್ತಿತ್ತು ಸರ್. ಡಾಕ್ಟ್ರಮ್ಮ ಬಂದ್ರು. ಭುಜದ ತನಕ ಕೈ ಹಾಕಿ ಕರು ಎಳೆದ್ರು. ಆಮೇಲೆ ಕೈ ತೊಳ್ಕೊಂಡು, ಕಲ್ಲಿನ ಮೇಲೆ ಕೂತು, ಅಜ್ಜಿ ಕೊಟ್ಟ ಟೀ ಕುಡಿದ್ರು." ಪ್ಲಾಸ್ಟಿಕ್ ಕವರಿನ ತುದಿ ಸುತ್ತುತ್ತಾ ಹೇಳಿದಳು: "ಆ ಟೀ ಕುಡಿಯೋದನ್ನೇ ನೋಡ್ತಾ ನಿಂತಿದ್ದೆ ಸರ್. ನಾನೂ ಒಂದಿನ ಹಂಗೆ ಕೂತು ಟೀ ಕುಡೀಬೇಕು ಅನ್ನಿಸ್ತು."

ಇಂಥ ಟೀ ಎಲ್ಲರ ಬದುಕಿನಲ್ಲೂ ಒಂದು ಇರುತ್ತದೆ. ನನ್ನದೂ ಒಂದಿತ್ತು. ಆರಿ ಹೋಗಿ ಬಹಳ ವರ್ಷವಾಯಿತು.

ರ‍್ಯಾಂಕೂ ಚೆನ್ನಾಗಿಯೇ ಬಂತು. ಇನ್ನು ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸು ಬೇಕೆಂದು ಒಂದರ ಕೆಳಗೊಂದು ತುಂಬಿಸುವ ಮಹಾಯಜ್ಞ. ನಾಗಯ್ಯನಿಗೆ ರಜೆಯಿದ್ದ ದಿನ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಮೊಬೈಲ್ ನಂಬರು ಮನೆಯ ಯಜಮಾನನದೇ ಇರಬೇಕು, ಅದೇ ಮರ್ಯಾದೆ ಎಂದು ಅವನ ನಂಬರನ್ನೇ ಕೊಡಿಸಿದ್ದೆ. ಓಟಿಪಿ ಬಂದಾಗಲೆಲ್ಲ ಅವನು ಮಂತ್ರದಂತೆ ಓದಿ ಹೇಳಿದ. ಹದಿನಾಲ್ಕು ಆಪ್ಷನ್ ತುಂಬಿಸಿದೆ. ಮೊದಲನೆಯದು ಹತ್ತಿರದ ಒಂದು ಖಾಸಗಿ ಕಾಲೇಜಿನ ಬಿ.ಫಾರ್ಮ. ಕಣ್ಣುಮುಚ್ಚಿಕೊಂಡು ಸಿಗುವಂಥದ್ದು. ಹನ್ನೆರಡು, ಹದಿಮೂರು, ಹದಿನಾಲ್ಕು ಪಶುವೈದ್ಯಕೀಯ.

"ವೆಟರ್ನರಿ ಕೊನೇಲಿದೆಯಲ್ಲ ಸರ್?" ಎಂದಳು ಹೇಮಶ್ರೀ.

"ಮೊದಲು ಮಜ್ಜಿಗೆ, ಆಮೇಲೆ ಎತ್ತು!" ಎಂದು ಅಪ್ಪನ ಸೂತ್ರವನ್ನು ವಿವರಿಸಿದೆ.

ಅಪ್ಪ ಮಗಳು ಇಬ್ಬರೂ ಭಕ್ತಿಯಿಂದ ತಲೆಯಾಡಿಸಿದರು. ನಾಗಯ್ಯನಂತೂ, "ಸರಿಯಾಗೇ ಹೇಳಿದ್ರಿ ಸಾರ್. ನಮ್ಮಪ್ಪನೂ ಹಿಂಗೇ ಹೇಳೋನು" ಎಂದ. ಮೂವರು ಹಳ್ಳಿಯವರು ಸೇರಿ ಒಂದು ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಂತು ಮಜ್ಜಿಗೆ ಕೇಳಿದೆವು!

ಕಂಪ್ಯೂಟರು ಧಾರಾಳಿ. ಕೇಳಿದ್ದನ್ನು ಕೊಟ್ಟೇ ಬಿಟ್ಟಿತು. ಶುಕ್ರವಾರ ಸಂಜೆ ಬಸ್ಸಿಳಿದವನೇ ಮೊಬೈಲಿನಲ್ಲಿ ನೋಡುತ್ತೇನೆ: ಹೇಮಶ್ರೀಗೆ ಸೀಟು! ಅದೂ ಮೊದಲನೇ ಆಪ್ಷನ್ನೇ! ನನ್ನ ಎದೆ ಭದ್ರಾ ಜಲಾಶಯದಂತೆ ತುಂಬಿ ತುಳುಕಿತು. ಒಂದು ಕೇಜಿ ಪೇಡ ತಂದು ಬೀದಿಗೆಲ್ಲ ಹಂಚಿದೆ. ಹೇಮಶ್ರೀ ಮನೆಯಲ್ಲಿರಲಿಲ್ಲ. ಅವಳ ತಾಯಿ ಕರಿಬಸಮ್ಮನ ಕೈಗೆ ನಾಲ್ಕು ಪೇಡ ಇಟ್ಟು, "ನಿಮ್ಮ ಮಗಳು ದಡ ಸೇರಿದ್ಲು!" ಎಂದು ಘೋಷಿಸಿ ಬಂದೆ.

ಮರುದಿನ ಎರಡನೇ ಶನಿವಾರ, ಕಚೇರಿಗೆ ರಜೆ. ಒಂಬತ್ತು ಗಂಟೆಗೆ ಗೇಟು ಕಿರ್ರೆಂದಿತು. ಹೇಮಶ್ರೀ. ಕೈಯಲ್ಲಿ ಪೇಡ. ಕಚ್ಚಿರಲಿಲ್ಲ.

"ಸರ್, ಸ್ಟೇಪ್ಲರ್ ಇದೆಯಾ?"

"ಯಾಕಮ್ಮ?"

"ಸುಮ್ನೆ." ದಾಸವಾಳದ ಗಿಡವನ್ನು ನೋಡಿದಳು. "ಸರ್... ವೆಟರ್ನರಿ?"

"ಅದು ಮುಂದಿನದು! ಮಜ್ಜಿಗೆ ಸಿಕ್ಕಿತಲ್ಲ, ಇನ್ನು ಎತ್ತು..." ಎನ್ನುತ್ತಾ ಮೊಬೈಲು ತೆಗೆದೆ. ಎತ್ತಿನ ಸುಳಿವೇ ಇಲ್ಲ. ಎರಡರಿಂದ ಹದಿನಾಲ್ಕರವರೆಗೆ ಎಲ್ಲ ಖಾಲಿ.

ಒಳಗೆ ಹೊಲಿಗೆ ಮೆಷಿನ್ನು ನಿಂತಿತು. ಉಮಾ ಹೊರಗೆ ಬಂದು, ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದಳು.

"ರೀ, ಮೊದಲು ಬೇಕು ಅಂದಿದ್ದು ಸಿಕ್ಕಿದ ಮೇಲೆ ಅದು ಮುಂದಿಂದು ಯಾಕ್ರೀ ನೋಡುತ್ತೆ? ಮದುವೆ ಮನೇಲಿ ಬೆಳಿಗ್ಗೆ ಉಪ್ಪಿಟ್ಟಿಗೇ ಹೊಟ್ಟೆ ತುಂಬ್ಸಿಕೊಂಡು ಎದ್ದು ಹೋದೋರಿಗೆ ಯಾರಾದ್ರೂ ಹಿಂದಿಂದೆ ಬಂದು ಹೋಳಿಗೆ ಬಡಿಸ್ತಾರಾ?"

"ಆದರೆ ನಮ್ಮಪ್ಪ..."

"ನಿಮ್ಮಪ್ಪ ಗೌಡರನ್ನ ಕೇಳಿದ್ದು. ಇದು ಮೆಷಿನ್ನು! ಇದಕ್ಕೆ ನಿಮ್ಮ ಸಂಕೋಚ ಅರ್ಥ ಆಗುತ್ತಾ? ನನ್ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ಮಾಡಿದ್ರಿ. ಮೊದಲು ಕೇಳಿದ್ದೇನು? 'ಕೊನೇ ಬಸ್ಸು ಎಷ್ಟು ಗಂಟೆಗೆ?' ಒಪ್ಪಿಗೆ ಅಂತ ಹೇಳಿ ಕಳಿಸೋದಕ್ಕೆ ಮೂರು ತಿಂಗಳು! ಅಷ್ಟರಲ್ಲಿ ಇನ್ನಿಬ್ಬರು ನೋಡಿ ಹೋಗಿದ್ರು!"

ಹೇಮಶ್ರೀ ಕಣ್ಣಲ್ಲಿ ನೀರಿದ್ದರೂ ಕಿಸಕ್ಕೆಂದಳು. ಉಮಾ ಪರದೆಯನ್ನು ಇನ್ನಷ್ಟು ಕೆಳಗೆ ಸರಿಸಿ, "ಅಯ್ಯೋ, ಇದು ಅಣಕು ಹಂಚಿಕೆ ಅಂತ ಬರ‍್ದಿದೆಯಲ್ರೀ! ನಿಜವಾದ್ದು ಇನ್ನೂ ಆಗಿಲ್ಲ. ಆಪ್ಷನ್ ಬದಲಾಯಿಸೋಕೆ ಇವತ್ತು ಹನ್ನೊಂದು ಗಂಟೆ ತನಕ ಟೈಮ್ ಇದೆ!" ಎಂದಳು.

ಅಣಕು ಸೀಟಿಗೆ ನಾನು ಅಸಲಿ ಪೇಡ ಹಂಚಿದ್ದೆ!

ಬದಲಾಯಿಸಬೇಕಾದರೆ ನಾಗಯ್ಯನ ಮೊಬೈಲಿಗೆ ಬರುವ ಓಟಿಪಿ ಬೇಕು. ಫೋನು ಮಾಡಿದೆವು. ರಿಂಗಾಯಿತು, ರಿಂಗಾಯಿತು, ನಿಂತಿತು. ಕೆಲಸದ ಹೊತ್ತಿನಲ್ಲಿ ಫೋನುಗಳನ್ನೆಲ್ಲ ಬೀಗ ಹಾಕಿ ಇಡಬೇಕೆಂದು ಗುತ್ತಿಗೆದಾರನ ಕಟ್ಟಪ್ಪಣೆಯಂತೆ. ಆ ಹಾಳು ಮರ್ಯಾದೆಯ ನಂಬರನ್ನು ಕೊಡಿಸಿದವನು ಯಾರು? ನಾನೇ!

ಸ್ಕೂಟರ್ ಹೊರಗೆ ತೆಗೆದೆ. ಹೇಮಶ್ರೀ ಹಿಂದೆ ಕೂತಳು. ಉಮಾ ಗೇಟಿನವರೆಗೂ ಓಡಿ ಬಂದು ಕೂಗಿದಳು: "ರೀ, ಅಲ್ಲಿ ಹೋಗಿ ಮತ್ತೆ ಮಜ್ಜಿಗೆ ಕೇಳ್ಬೇಡಿ!"

ಸೋಗಾನೆ ತಲುಪಿದಾಗ ಹತ್ತು ಗಂಟೆ ಹತ್ತು ನಿಮಿಷ. ಗೇಟಿನಲ್ಲಿ ಸೆಕ್ಯೂರಿಟಿಯವರು. ಎತ್ತರದ ಆಳು, ಇಸ್ತ್ರಿ ಸಮವಸ್ತ್ರ, ಗೌಡರಿಗಿಂತ ದೊಡ್ಡ ಮೀಸೆ. ಆ ಮೀಸೆ ಕಂಡದ್ದೇ ತಡ, ನಲವತ್ತೈದು ವರ್ಷದ ನಾನು ಏಳು ವರ್ಷದವನಾಗಿಬಿಟ್ಟೆ.

"ನಮಸ್ಕಾರ ಸರ್. ಇಲ್ಲಿ ಕುಡಿಯೋಕೆ ನೀರು ಸಿಗುತ್ತಾ?"

ಬಾಟಲಿ ಕೊಟ್ಟರು. ಕುಡಿದೆ.

"ಶಿವಮೊಗ್ಗಕ್ಕೆ ಬಸ್ಸು ಎಷ್ಟು ಹೊತ್ತಿಗೆ ಸರ್?"

"ತಲೆ ಮೇಲೆ ಹೆಲ್ಮೆಟ್ಟು, ಪಕ್ಕದಲ್ಲಿ ಗಾಡಿ. ಬಸ್ಸು ಯಾರಿಗೆ ಸ್ವಾಮಿ?"

"ಹಾಗಾದ್ರೆ... ವಿಮಾನ ಎಷ್ಟು ಹೊತ್ತಿಗೆ?"

"ಟಿಕೆಟ್ ತೋರಿಸಿ."

"ಇಲ್ಲ."

"ಯಾರನ್ನಾದ್ರೂ ಕರ‍್ಕೊಂಡು ಹೋಗೋಕೆ ಬಂದ್ರಾ?"

"ಅದೂ ಇಲ್ಲ."

ಮೀಸೆ ಮೆಲ್ಲಗೆ ಮೇಲೆದ್ದಿತು. ಟಿಕೆಟ್ಟಿಲ್ಲದವನು, ಬೆವರುತ್ತಿರುವವನು, ವಿಮಾನದ ಹೊತ್ತು ಕೇಳುತ್ತಿರುವವನು! "ಸ್ವಲ್ಪ ಈ ಕಡೆ ಬನ್ನಿ. ಆಧಾರ್ ಕಾರ್ಡ್ ತೆಗೀರಿ" ಎಂದರು. ಆಧಾರ್ ಮನೆಯಲ್ಲಿತ್ತು. ಗಡಿಯಾರ ಹತ್ತೂ ಇಪ್ಪತ್ತೆರಡು ತೋರಿಸುತ್ತಿತ್ತು. ನಾನು ಖಾಲಿ ಜೇಬು ತಡಕುತ್ತಲೇ ಇದ್ದೆ.

ಆಗ ಹೇಮಶ್ರೀ ಮುಂದೆ ಬಂದಳು. ಗಿಡ ನೋಡಲಿಲ್ಲ. ನೆಲ ನೋಡಲಿಲ್ಲ. ನೇರವಾಗಿ ಮೀಸೆಯನ್ನೇ ನೋಡಿದಳು.

"ಸರ್, ನನಗೆ ವೆಟರ್ನರಿ ಸೀಟು ಬೇಕು. ಹನ್ನೊಂದು ಗಂಟೆಯೊಳಗೆ ಬೇಕು. ಒಳಗೆ ಗಿಡಕ್ಕೆ ನೀರು ಹಾಕೋ ನಾಗಯ್ಯ ನಮ್ಮಪ್ಪ. ಓಟಿಪಿ ಅವರ ಫೋನಿಗೆ ಬರುತ್ತೆ. ಅವರನ್ನ ಈಗಲೇ ಕರೀರಿ."

ಒಂದೇ ಉಸಿರಿನಲ್ಲಿ, ಮಜ್ಜಿಗೆಯ ಹನಿಯೂ ಇಲ್ಲದೆ, ಎತ್ತು ಕೇಳಿಬಿಟ್ಟಳು!

"ಇಷ್ಟನ್ನ ಮೊದಲೇ ಬೊಗಳೋದಲ್ವೇನ್ರೀ!" ಎಂದು ಅವರು ನನ್ನನ್ನು ಬೈದು, ವಾಕಿಟಾಕಿಯನ್ನು ಬಾಯಿಗೆ ಹಿಡಿದರು.

ನಾಗಯ್ಯ ಬೀಗ ತೆಗೆಸಿಕೊಂಡು, ಕೆಸರುಗೈಯಲ್ಲೇ ಫೋನು ಹಿಡಿದು ಓಡಿ ಬಂದ. ಹತ್ತೂ ಮೂವತ್ತಾರು. ನನ್ನ ಮೊಬೈಲು ತೆಗೆದು ಶುರುಮಾಡಬೇಕು ಅನ್ನುವಷ್ಟರಲ್ಲಿ ಹೇಮಶ್ರೀ ಕೈ ಚಾಚಿದಳು. "ಕೊಡಿ ಸರ್, ನಾನೇ ಮಾಡ್ತೀನಿ." ಕೊಟ್ಟೆ. ಒಂದನೇ ಆಪ್ಷನ್ ಪಶುವೈದ್ಯಕೀಯ ಶಿವಮೊಗ್ಗ. ಎರಡನೇದು ಹಾಸನ. ಮೂರನೇದು ಬೀದರ್. ಬಿ.ಫಾರ್ಮ ಹದಿನಾಲ್ಕನೇ ಜಾಗಕ್ಕೆ ಹೋಗಿ ಕೂತಿತು.

"ಬೀದರ್ ಎಲ್ಲೈತೆ ಸಾರ್?" ಎಂದ ನಾಗಯ್ಯ.

"ದೂರ ನಾಗಯ್ಯ. ಕರ್ನಾಟಕದ ತುತ್ತತುದಿ."

ಅವನು ತಾನು ನೀರು ಹಾಕುವ ಹೂಗಿಡಗಳ ಆಚೆ, ರನ್‌ವೇ ಕಡೆ ನೋಡಿದ. "ಇಲ್ಲಿಂದ ವಿಮಾನ ಹೋಗುತ್ತಾ?"

"ಇಲ್ಲ ಕಣಯ್ಯ" ಎಂದರು ಮೀಸೆಯವರು, ಯಾಕೋ ಮೆತ್ತಗೆ.

ಸಿಕ್ಕಿದ್ದು ಬೀದರೇ.

ಹೊರಡುವ ಹಿಂದಿನ ದಿನ ಹೇಮಶ್ರೀ ಬಂದಳು. ಗೇಟು ಕಿರ್ರೆಂದಿತು (ಎಣ್ಣೆ ಇನ್ನೂ ಬಿಟ್ಟಿರಲಿಲ್ಲ). ಎರಡೂ ಕಾಲು ಗೇಟಿನ ಒಳಗಿದ್ದವು. ನಾನೇ ಸ್ಟೇಪ್ಲರ್ ತಂದು ಮುಂದೆ ಹಿಡಿದೆ. ಅವಳು ನಕ್ಕು, ಬೇಡ ಎಂದು ತಲೆಯಾಡಿಸಿ, ಸೀದಾ ಕೇಳಿದಳು:

"ಸರ್, ನಿಮ್ಮ ಮೊದಲನೇ ಆಪ್ಷನ್ ಏನಿತ್ತು?"

ಮದುವೆಯಾಗಿ ಹದಿನೆಂಟು ವರ್ಷ, ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ. ಆ ಪ್ರಶ್ನೆಯನ್ನು ನನಗೆ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಪ್ಪು ಹಲಗೆ, ಕೈಯಲ್ಲೊಂದು ಸೀಮೆಸುಣ್ಣ, ಎದುರಿಗೆ ಮಕ್ಕಳು... ನಾನು ದಾಸವಾಳದ ಗಿಡದ ಕಡೆ ತಿರುಗಿದೆ.

"ಊಟ ಮಾಡ್ಕೊಂಡು ಹೋಗಮ್ಮ" ಎಂದೆ.

ಒಳಗೆ ಹೊಲಿಗೆ ಮೆಷಿನ್ನು ನಿಂತಿತು. ಉಮಾ ಅಲ್ಲಿಂದಲೇ ಹೇಳಿದಳು: "ಅವರದಾ? ಬೀರುವಿನ ಎರಡನೇ ಶೆಲ್ಫು, ನನ್ನ ರೇಷ್ಮೆ ಸೀರೆ ಕೆಳಗೆ ಹಾಸಿದೆ ನೋಡು. ಎಂ.ಎ. ಅರ್ಜಿ. ಲೆಕ್ಚರರ್ ಆಗ್ಬೇಕಿತ್ತಂತೆ. ಪೂರ್ತಿ ತುಂಬಿದ್ದಾರೆ, ಫೋಟೋನೂ ಅಂಟಿಸಿದ್ದಾರೆ. ಗುಮಾಸ್ತನ ಕೆಲಸ ಮೊದಲು ಸಿಕ್ತು, ಮಜ್ಜಿಗೆ ಕುಡಿದು ವಾಪಸು ಬಂದ್ರು!"

ಒಳಗೆ ಹೋಗಿ ಎಣ್ಣೆ ಡಬ್ಬ ತಂದು ಗೇಟಿಗೆ ಬಿಡುತ್ತಾ ನಿಂತೆ. ಮಾರ್ಗದರ್ಶನದ ಬೋರ್ಡನ್ನು ಯಾವಾಗಲೋ ಉಮಾ ಕಿತ್ತು, ಅದರ ಖಾಲಿ ಜಾಗದಲ್ಲಿ ಬ್ಲೌಸಿನ ಅಳತೆ ಬರೆದುಕೊಂಡಿದ್ದಳು.

ಹೇಮಶ್ರೀ ಈಗ ಬೀದರಿನಲ್ಲಿ ಪಶುವೈದ್ಯಕೀಯ ಎರಡನೇ ವರ್ಷ ಓದುತ್ತಿದ್ದಾಳೆ.